ಬೀಗರ ಕೋವಿಗೆ ಯಾವ ಗುಂಡು?

ಬೀಗರ ಮನೆಗೆ ಹೋಗಿ ಮದುವೆಯ ತಾರೀಖಿಗೆ ಒಂದು "ಆಗಬಹುದು" ಅನ್ನಿಸಿಕೊಂಡು ಬರುವುದು ಎಷ್ಟು ಹೊತ್ತಿನ ಕೆಲಸ? ಡರ್ಬಿಯಿಂದ ಸಟನ್ ಕೋಲ್ಡ್‌ಫೀಲ್ಡಿಗೆ ಕಾರಿನಲ್ಲಿ ಹೋಗಬೇಕು, ಚಹಾ ಕುಡಿಯಬೇಕು, ಮಾತು ಮುಗಿಸಬೇಕು, ಊಟಕ್ಕೆ ಮನೆಗೆ ಬರಬೇಕು. ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ತಲೆಗೂದಲು ಕಳೆದುಕೊಂಡ ನನಗೆ ಇದೊಂದು ಕೆಲಸವೇ! "ನೀನು ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಬಂದೆ" ಎಂದು ಹೆಂಡತಿ ವಸುಧೆಗೆ ಹೇಳಿ ಹೊರಟೆ. ಆ ಸಾರು ಆಮೇಲೆ ಎಷ್ಟು ಸಲ ಬಿಸಿಯಾಯಿತೋ ನನಗೆ ತಿಳಿಯದು.

ವಿಷಯ ಇಷ್ಟೇ. ನಮ್ಮ ಮಗಳು ಅನಘಾ ನಾಟಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ ಡಾಕ್ಟರು. ಅಲ್ಲಿಯೇ ಡಾಕ್ಟರಾಗಿರುವ ಟಾಮ್ ಎಂಬ ಹುಡುಗನನ್ನು ಮೆಚ್ಚಿದ್ದಾಳೆ. ಹುಡುಗ ಒಳ್ಳೆಯವನು, ನಮ್ಮ ಮನೆಯ ಸೌತೆಕಾಯಿ ಹುಳಿಯನ್ನು ಎರಡನೆಯ ಸಲ ಕೇಳಿ ಬಡಿಸಿಕೊಳ್ಳುತ್ತಾನೆ. ವಸುಧೆಗೆ ಅಷ್ಟು ಸಾಕು. ಬರ್ಮಿಂಗ್‌ಹ್ಯಾಮಿನ ನಮ್ಮ ಭಟ್ಟರು ಪಂಚಾಂಗ ನೋಡಿ ನವೆಂಬರಿನ ಕೊನೆಯ ಭಾನುವಾರ ಒಳ್ಳೆಯ ಮುಹೂರ್ತವಿದೆ, ಅದು ಬಿಟ್ಟರೆ ಮುಂದಿನ ಬೇಸಿಗೆಯೇ ಎಂದರು. ಮಕ್ಕಳಿಬ್ಬರೂ ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಯಾರ್ಯಾರದೋ ಕೈಕಾಲು ಹಿಡಿದು ಆ ವಾರ ಒಟ್ಟಿಗೆ ರಜೆ ಗಿಟ್ಟಿಸಿದ್ದರು. ಮದುವೆ ಹಾಲ್‌ನವರು ಸೆಪ್ಟೆಂಬರ್ ಮುಗಿಯುವವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು. ಬೀಗರ ಒಪ್ಪಿಗೆ ಒಂದೇ ಬಾಕಿ.

"ಒಂದು ಫೋನ್ ಮಾಡಿ ಹೇಳಿದ್ರೆ ಆಗುದಿಲ್ವಾ?" ಎಂದು ವಸುಧೆ ಕೇಳಿದ್ದಳು. ಅನಘಾ ಕೂಡ, "ಅಪ್ಪಾ, ಜಸ್ಟ್ ಟೆಲ್ ದೆಮ್ ದ ಡೇಟ್. ಟಾಮ್ ಕ್ಯಾನ್ ಟೆಲ್ ದೆಮ್!" ಎಂದಿದ್ದಳು.

ನಾನು ಒಪ್ಪುತ್ತೇನೆಯೇ! ಮದುವೆಯ ಮಾತು ಹಿರಿಯರ ನಡುವೆ ಆಗಬೇಕು. ಹೆಣ್ಣಿನ ತಂದೆ ಗಂಡಿನ ಮನೆಗೆ ಎದೆ ಸೆಟೆಸಿಕೊಂಡು ಹೋಗಿ "ಇಂಥ ದಿನ ಮದುವೆ" ಎಂದು ಹುಕುಂ ಮಾಡುವುದುಂಟೇ? ಅವರೇ "ಮುಹೂರ್ತ ಏನಾದರೂ ನೋಡಿದ್ದೀರಾ?" ಎಂದು ಕೇಳಬೇಕು. ಆಗ ನಾವು ತಗ್ಗಿದ ದನಿಯಲ್ಲಿ "ಒಂದು ದಿನ ನೋಡಿದ್ದೇವೆ, ತಾವು ಒಪ್ಪಿದರೆ..." ಎನ್ನಬೇಕು. ಮಧ್ಯೆ ಗಂಡಿನ ಕಡೆಯವರು ಏನು ಹೇಳಿದರೂ ಇಲ್ಲ ಎನ್ನಬಾರದು. ನನ್ನ ಮಾವ ನನ್ನ ಅಪ್ಪನ ಎದುರು ಹೀಗೆಯೇ ಕುರ್ಚಿಯ ತುದಿಯಲ್ಲಿ ಕೂತಿದ್ದರು. ದೇಶ ಬಿಟ್ಟೆವೆಂದು ಮರ್ಯಾದೆ ಬಿಡುವುದಕ್ಕಾಗುತ್ತದೆಯೇ? ಟಾಮ್‌ಗೂ ಮನೆಯಲ್ಲಿ ಬಾಯಿ ಬಿಡಕೂಡದು ಎಂದು ಮಗಳ ಮೂಲಕ ಅಪ್ಪಣೆ ಕಳಿಸಿದೆ.

ಟಾಮ್‌ನ ತಂದೆ ಕೀತ್ ನಿವೃತ್ತ ಮೇಷ್ಟರು. ತಾಯಿ ಜಿಲ್. ಇಬ್ಬರೂ ಬಾಗಿಲಿಗೇ ಬಂದು ಕರೆದುಕೊಂಡು ಹೋದರು. ಚಹಾ ಬಂತು, ಬಿಸ್ಕತ್ತು ಬಂತು, ಹವಾಮಾನದ ಮಾತು ಬಂತು, ಹೋಯಿತು. ಆಮೇಲೆ ಮೂವರೂ ಸುಮ್ಮನೆ ಕೂತೆವು. ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಕೇಳಿ ಮಾರಾಯ್ರೆ, ಕೇಳಿ, ಎಂದು ಮನಸ್ಸಿನಲ್ಲಿ ಗೋಗರೆದೆ. ಯಾರೂ ಕೇಳಲಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಾಲು ಅದಾಗಿಯೇ ಕುಣಿಯತೊಡಗಿತು.

ಆಗ ಕಣ್ಣಿಗೆ ಬಿತ್ತು, ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಹರಡಿದ್ದ ಸೀಸದ ಗುಂಡುಗಳು. ಕೆಲವು ಗೋಲಿಯ ಹಾಗೆ ದುಂಡಗೆ, ಕೆಲವು ಮೂತಿ ಚೂಪಾಗಿ ಉದ್ದಕ್ಕೆ. ಕೀತ್ ಹಳೆಯ ಕಾಲದ ಕೋವಿಯ ಹವ್ಯಾಸಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಇಳಿಸಿ, ಸಲಾಕೆಯಿಂದ ಗುದ್ದಿ ಹೊಡೆಯುವ ಕೋವಿ. ಇಲ್ಲಿ ಕ್ಲಬ್ಬಿನಲ್ಲಿ ಕಾಗದದ ಗುರಿಗೆ ಹೊಡೆಯುತ್ತಾರಂತೆ. ಈ ಸಲ ಅಮೆರಿಕದಲ್ಲಿರುವ ಹಳೆಯ ಗೆಳೆಯ ಜಿಂಕೆ ಬೇಟೆಗೆ ಕರೆದಿದ್ದಾನಂತೆ. ಅಲ್ಲಿ ಇಂಥ ಕೋವಿಗೆಂದೇ ಬೇಟೆಯ ಕಾಲ ಬೇರೆ ಇದೆಯಂತೆ.

ಮೌನ ಮುರಿಯಲು ಏನಾದರೂ ಹೇಳಬೇಕಲ್ಲ. ನಾಲಿಗೆ ಜಾರಿತು.

"ಓಹೋ, ಕೇಪಿನ ಕೋವಿ! ನಮ್ಮ ಮನೆಯಲ್ಲೂ ಇತ್ತು. ಅಜ್ಜನ ಕಾಲದಿಂದ!"

ಇಂಥ ಕೋವಿಗೆ ನಮ್ಮ ಊರಿನಲ್ಲಿ ಅದೇ ಹೆಸರು. ಇದರಲ್ಲಿ ಸುಳ್ಳಿಲ್ಲ. ಪುತ್ತೂರಿನ ಹತ್ತಿರ ನಮ್ಮ ಅಜ್ಜನ ಮನೆಯಲ್ಲಿ ಒಂದು ಕೋವಿ ಇದ್ದದ್ದು ಹೌದು. ಮಂಗಗಳನ್ನು ಓಡಿಸಲು ಬರೀ ಮದ್ದು ತುಂಬಿ "ಢಂ" ಅನ್ನಿಸುತ್ತಿದ್ದರು. ಎಲೆಕ್ಷನ್ ಬಂದಾಗ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಿತ್ತು. ಅಂಥ ಒಂದು ಎಲೆಕ್ಷನ್ನಿನಲ್ಲಿ ನಾನು ಅದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದಿದ್ದೆ. ಕೋವಿಗೂ ನನಗೂ ಇದ್ದ ಸಂಬಂಧ ಅಷ್ಟೇ. ನಾವು ಈರುಳ್ಳಿಗೂ ದಿನ ನೋಡುವ ಜನ. ಜಿಂಕೆಯ ಮಾತೆಲ್ಲಿ!

ಇದನ್ನೆಲ್ಲ ಹೇಳಿದೆನೇ? ಇಲ್ಲ. ಕೀತ್ ಮುಖ ಅರಳಿದ್ದನ್ನು ನೋಡಿ ಮುಂದುವರಿಸಿದೆ. ಗಂಡಿನ ತಂದೆ ನನ್ನಿಂದ ಸಂತೋಷಪಡುತ್ತಿದ್ದಾರೆ! ಇನ್ನೇನು, ಮುಹೂರ್ತದ ಮಾತು ತಾನಾಗಿ ಬರುತ್ತದೆ.

"ಹಾಗಾದರೆ ನಿಮ್ಮನ್ನೇ ಕೇಳಬೇಕು" ಎಂದು ಅವರು ಒಂದೊಂದು ಕೈಯಲ್ಲಿ ಒಂದೊಂದು ಗುಂಡು ಹಿಡಿದರು. "ನಳಿಗೆಯ ಒಳಗಿನ ಗೆರೆಗಳು ನಿಧಾನಕ್ಕೆ ತಿರುಗಿದ್ದರೆ ದುಂಡನೆಯದು ಸರಿ, ಬೇಗ ತಿರುಗಿದ್ದರೆ ಉದ್ದನೆಯದು ಸರಿ. ನನ್ನದು ಎರಡರ ಮಧ್ಯೆ. ಜಿಂಕೆಗೆ ಯಾವುದು ಒಯ್ಯಲಿ?"

"ದುಂಡನೆಯದೇ" ಎಂದೆ ಗಂಭೀರವಾಗಿ.

"ಆದರೆ ಉದ್ದನೆಯದು ಆಳಕ್ಕೆ ಇಳಿಯುತ್ತದಲ್ಲ?"

"ಅದೂ ಹೌದು. ಉದ್ದನೆಯದೇ."

"ಗಾಳಿಯಲ್ಲಿ ಅಷ್ಟು ಭಾರದ್ದು ಬೇಗ ಕೆಳಗಿಳಿದರೆ?"

"ಇಳಿದೇ ಇಳಿಯುತ್ತದೆ. ದುಂಡನೆಯದು ಬಿಟ್ಟರೆ ಗತಿಯಿಲ್ಲ."

ಬೀಗರು ಎತ್ತ ತಿರುಗಿದರೆ ನಾನೂ ಅತ್ತ. ತಿರುಗುವ ವಸ್ತುಗಳ ಬಗ್ಗೆ ಕಾರ್ಖಾನೆಯಲ್ಲಿ ಕಲಿತದ್ದನ್ನೆಲ್ಲ ಕಕ್ಕಿದೆ. ಜಿಲ್ ಇನ್ನೊಂದು ಸಲ ಚಹಾ ತಂದರು, ನನ್ನನ್ನೇ ದಿಟ್ಟಿಸಿ ಕೂತರು, ನಿಟ್ಟುಸಿರು ಬಿಟ್ಟು ಎದ್ದು ಹೋದರು. ಪಾಪ, ಗುಂಡಿನ ಮಾತು ಹೆಂಗಸರಿಗೆ ಬೇಸರ ಎಂದುಕೊಂಡೆ. ಕತ್ತಲಾದ ಮೇಲೆ ಹೊರಟಾಗ ಕೀತ್ ನನ್ನ ಕೈ ಕುಲುಕಿ ಮುಂದಿನ ಶನಿವಾರ ಕ್ಲಬ್ಬಿಗೆ ಬನ್ನಿ ಎಂದರು, ಎರಡೂ ಬಗೆಯ ಒಂದೊಂದು ಗುಂಡನ್ನು ನನ್ನ ಜೇಬಿಗೆ ಹಾಕಿದರು.

ಮನೆಯ ಬಾಗಿಲಲ್ಲೇ ವಸುಧೆ. "ಎಂತ ಆಯ್ತು? ಒಪ್ಪಿದ್ರಾ?"

"ಬಹಳ ಚೆನ್ನಾಗಿ ಮಾತುಕತೆ ಆಯಿತು."

"ತಾರೀಖು?"

ನಾನು ಜೇಬಿನಿಂದ ಗುಂಡುಗಳನ್ನು ತೆಗೆದು ಮೇಜಿನ ಮೇಲಿಟ್ಟೆ. ಅವಳು ಅವನ್ನು ನೋಡಿದಳು, ನನ್ನನ್ನು ನೋಡಿದಳು.

"ನಿಮಗೆ ಮಂಡೆ ಸಮ ಉಂಟಾ? ಮಗಳ ಮುಹೂರ್ತ ಕೇಳ್ಲಿಕ್ಕೆ ಹೋದವರು ಜಿಂಕೆ ಕೊಲ್ಲುವುದು ಹೇಗೆ ಅಂತ ಹೇಳಿಕೊಟ್ಟು ಬಂದ್ರಾ?"

"ಅವರು ಕೇಳಲಿಲ್ಲ ಮಾರಾಯ್ತಿ! ಕೇಳದೆ ನಾನು ಹೇಗೆ ಹೇಳಲಿ?"

"ಬಾಯಲ್ಲಿ ಹೇಳುದು! ಮತ್ತೆಂತದರಲ್ಲಿ?"

ಇಂಥ ಸೂಕ್ಷ್ಮಗಳು ಅವಳಿಗೆ ತಿಳಿಯುವುದಿಲ್ಲ. ಆ ವಾರವಿಡೀ ನನಗೆ ನಿದ್ದೆಯಿಲ್ಲ, ಕೆಲಸದಲ್ಲಿ ಮನಸ್ಸಿಲ್ಲ. ಫೋನ್ ರಿಂಗಾದರೆ ಹಾಲ್‌ನವರೇ ಎಂದು ಎದೆ ಡವಗುಟ್ಟುತ್ತಿತ್ತು. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಓಡಾಡಿದೆ. ಕೊನೆಗೆ ವಸುಧೆ "ಒಂದು ಕಡೆ ಕೂತ್ಕೊಳ್ಳಿ, ಇಲ್ಲದಿದ್ರೆ ಕಸವಾದ್ರೂ ಗುಡಿಸಿಕೊಂಡು ತಿರುಗಿ" ಎಂದಳು.

ಅಷ್ಟರಲ್ಲಿ ಕೀತ್ ಫೋನ್ ಮಾಡಿದರು. ನಾನು ಉಸಿರು ಬಿಗಿಹಿಡಿದೆ. ಅವರು ಕೇಳಿದ್ದು ಬಟ್ಟೆಯ ವಿಷಯ! ದುಂಡು ಗುಂಡನ್ನು ನಳಿಗೆಯಲ್ಲಿ ಬಿಗಿಯಾಗಿ ಕೂರಿಸಲು ಹತ್ತಿಬಟ್ಟೆಯ ತುಂಡಿನಲ್ಲಿ ಸುತ್ತಬೇಕಂತೆ. ಒಳ್ಳೆಯ ಬಟ್ಟೆ ಸಿಗುತ್ತಿಲ್ಲ, ನಿಮ್ಮ ಕಡೆ ಏನು ಬಳಸುತ್ತಾರೆ ಎಂದರು. ಗಂಡಿನ ಕಡೆಯವರು ಬಾಯಿ ಬಿಟ್ಟು ಕೇಳಿದ ಮೊದಲ ವಸ್ತು. ಇಲ್ಲ ಎನ್ನಲು ಹೇಗೆ ಸಾಧ್ಯ!

"ಪಂಚೆ! ನಾನೇ ತರುತ್ತೇನೆ" ಎಂದೆ.

ಕಪಾಟಿನಲ್ಲಿ ಹೊಚ್ಚಹೊಸ ಮಲ್ಲು ಪಂಚೆಯೊಂದು ಸಿಕ್ಕಿತು. ಕತ್ತರಿ ತೆಗೆದು ಚಕಚಕನೆ ಕತ್ತರಿಸಿ ಒಂದು ಚೀಲ ತುಂಬ ಚೌಕಗಳನ್ನು ಮಾಡಿಕೊಂಡೆ. ಅದು ಧಾರೆಯ ಹೊತ್ತಿಗೆ ಅಳಿಯ ಉಡಲೆಂದು ವಸುಧೆ ಉಡುಪಿಯಿಂದ ತರಿಸಿದ್ದ ಪಂಚೆ ಎಂದು ನನಗೇನು ಕನಸು ಬಿದ್ದಿತ್ತೇ?

ಶನಿವಾರ ಕ್ಲಬ್ಬಿನಲ್ಲಿ ಅತಿಥಿಗಳ ದಿನ. ಗಾಳಿ ಕೊರೆಯುತ್ತಿತ್ತು. ಕೀತ್ ನನ್ನನ್ನು ಎಲ್ಲರಿಗೂ "ಇವರು ಶ್ರೀಪತಿ, ಅಜ್ಜನ ಕಾಲದಿಂದ ಕೋವಿಯ ಮನೆತನ" ಎಂದು ಪರಿಚಯಿಸಿದರು. ಟೊಪ್ಪಿ ಹಾಕಿದ ಮುದುಕರೆಲ್ಲ ಗೌರವದಿಂದ ತಲೆಬಾಗಿದರು. ನಾನು ಅದಕ್ಕಿಂತ ಗೌರವದಿಂದ ಬಾಗಿದೆ.

ಮೊದಲು ಕೀತ್, ನನ್ನ ಪಂಚೆಯ ತುಂಡಿನಲ್ಲಿ ಗುಂಡು ಸುತ್ತಿ ಹೊಡೆದರು. ಢಂ ಎಂದಿತು. ಗುಂಡು ಎಲ್ಲಿ ಹೋಯಿತೋ ಗುರಿಯ ಕಾಗದಕ್ಕೆ ಸುದ್ದಿಯಿಲ್ಲ. ಮಲ್ಲಿನ ಬಟ್ಟೆ ತೀರಾ ತೆಳುವಾಯಿತಂತೆ. ಅದು ನಳಿಗೆಯೊಳಗೇ ಹರಿದು, ಹೊತ್ತಿಕೊಂಡು, ಹೊಗೆ ಬಿಡುತ್ತಾ ಹೋಗಿ ಒಣಹುಲ್ಲಿನ ಮೇಲೆ ಬಿತ್ತು. ಕೋವಿಗಳನ್ನೆಲ್ಲ ಕೆಳಗಿಡಿಸಿ, ಇಬ್ಬರು ಮುದುಕರು ಓಡಿಹೋಗಿ ಬೂಟುಗಾಲಿನಲ್ಲಿ ತುಳಿದು ಆರಿಸಿದರು. ನನ್ನ ಅಳಿಯನ ಪಂಚೆಯ ಮೇಲೆ ನಡೆದ ಮೊದಲ ಸಂಸ್ಕಾರ ಅದು.

"ಇಂಟರೆಸ್ಟಿಂಗ್ ಬಟ್ಟೆ" ಎಂದರು ಕೀತ್. ಇಂಗ್ಲಿಷರು ಇಂಟರೆಸ್ಟಿಂಗ್ ಎಂದರೆ ಕೆಲಸಕ್ಕೆ ಬಾರದ್ದು ಎಂದರ್ಥವೆಂದು ಇಷ್ಟು ವರ್ಷ ಇಲ್ಲಿದ್ದ ನನಗೆ ಗೊತ್ತು. ಬೆವರು ಕಿತ್ತುಕೊಂಡು ಬಂತು.

ಆಮೇಲೆ ನನ್ನ ಸರದಿ. ಕೀತ್ ಪಕ್ಕದಲ್ಲೇ ನಿಂತು ಒಂದೊಂದೇ ಹೇಳಿಕೊಡಲು ಬಂದರು. ಆದರೆ ಕೋವಿಯ ಮನೆತನದವನು ಹೇಳಿಸಿಕೊಳ್ಳಬಹುದೇ? "ಗೊತ್ತು, ಗೊತ್ತು" ಎಂದೆ. ಒಂದು ಕಡೆ ಮುದುಕರು ನೋಡುತ್ತಿದ್ದಾರೆ, ಇನ್ನೊಂದು ಕಡೆ ಜೇಬಿನಲ್ಲಿ ಫೋನ್ ಬಿಡದೆ ನಡುಗುತ್ತಿದೆ. ವಸುಧೆಯದ್ದೇ, ಸಂಶಯವಿಲ್ಲ. ತಾರೀಖು, ತಾರೀಖು, ತಾರೀಖು! ಕೀತ್ ಮದ್ದಿನ ಅಳತೆ ತರಲು ತಿರುಗಿದರು. ಅಷ್ಟರಲ್ಲಿ ನಾನು ಗುಂಡನ್ನು ಬಟ್ಟೆಯಲ್ಲಿ ಸುತ್ತಿ ನಳಿಗೆಯ ಬಾಯಿಗಿಟ್ಟು, ಸಲಾಕೆ ಹಿಡಿದು, ವಾರದ ಕಳವಳವನ್ನೆಲ್ಲ ಸೇರಿಸಿ ತಳಮುಟ್ಟ ಗುದ್ದಿಬಿಟ್ಟೆ.

ಕೀತ್ ಮದ್ದು ಹಿಡಿದುಕೊಂಡು ತಿರುಗಿದವರು ಹಾಗೇ ನಿಂತರು.

"ಇದು ಮೊದಲು ಹೋಗಬೇಕಿತ್ತು" ಎಂದರು ಮೆಲ್ಲಗೆ.

ಅಜ್ಜ ಗುಂಡಿಲ್ಲದೆ ಮದ್ದು ಹಾಕುತ್ತಿದ್ದರು. ಮೊಮ್ಮಗ ಮದ್ದಿಲ್ಲದೆ ಗುಂಡು ಹಾಕಿದ! ಹಾಗೆ ಇಳಿದ ಗುಂಡನ್ನು ಹೊರಗೆ ತರಬೇಕಾದರೆ ಸಲಾಕೆಯ ತುದಿಗೆ ತಿರುಪುಮೊಳೆ ಸಿಕ್ಕಿಸಿ, ಸೀಸಕ್ಕೆ ಕೊರೆದು, ಎಳೆಯಬೇಕು. ಇಬ್ಬರು ಕೋವಿ ಹಿಡಿದರು, ಇಬ್ಬರು ಸಲಾಕೆ ಎಳೆದರು. ಅದು ಬರುವವರೆಗೆ ಇಡೀ ಕ್ಲಬ್ಬು ಕೆಲಸ ನಿಲ್ಲಿಸಿ ಚಹಾ ಕುಡಿಯಿತು. ಯಾರೂ ಒಂದು ಬಿರುಸು ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು.

ವಾಪಸು ಬರುವಾಗ ಕಾರಿನಲ್ಲಿ ನಾವಿಬ್ಬರೇ. ಕೀತ್ ಗಂಟಲು ಸರಿಮಾಡಿಕೊಂಡರು.

"ನಾನು ಅಮೆರಿಕಕ್ಕೆ ಯಾವಾಗ ಹೋಗಬೇಕೆಂದು ಇನ್ನೂ ನಿಶ್ಚಯಿಸಿಲ್ಲ. ನವೆಂಬರ್ ಮೊದಲ ವಾರ, ಅಥವಾ ಕೊನೆಯ ವಾರ. ನಿಮ್ಮ ಕಡೆಯಿಂದ... ಏನಾದರೂ ಇದ್ದರೆ ಹೇಳಿ."

ಹೀಗೆಂದು ನನ್ನ ಕಡೆ ಆಸೆಯಿಂದ ನೋಡಿದರು. ಈಗ ಯೋಚಿಸಿದರೆ ಎದುರಿಗಿರುವವನ ಕಿವಿಗೆ ಡಂಗುರ ಹೊಡೆದಂತೆ ಇದೆ. ಆಗ ನನಗೆ ಕೇಳಿಸಿದ್ದು ಒಂದೇ: ಗಂಡಿನ ತಂದೆ ಒಂದು ಕೆಲಸಕ್ಕೆ ಹೊರಟಿದ್ದಾರೆ, ಅಡ್ಡಿಪಡಿಸಬಾರದು.

"ನಮ್ಮದೇನಿದೆ! ತಮ್ಮ ಅನುಕೂಲ."

"ಕೊನೆಯ ವಾರವಾದರೂ?"

ಗಂಟಲಿನಲ್ಲಿ ಮುಹೂರ್ತ ಬಂದು ನಿಂತಿತ್ತು, ನಿಜವಾಗಿ! ಆದರೆ ತಲೆ ತಾನಾಗಿ ಆಡಿತು, ಬಾಯಿ "ವೆರಿ ಗುಡ್" ಎಂದಿತು.

ಅವರ ಮುಖ ಸಣ್ಣದಾಯಿತು. ಆಮೇಲೆ ಮರ್ಯಾದೆಗೆಂಬಂತೆ, "ನೀವೂ ಬರುವುದಾದರೆ ಬನ್ನಿ" ಎಂದರು.

"ಧಾರಾಳವಾಗಿ!" ಎಂದೆ.

ಹೀಗೆ, ಮಗಳ ಧಾರೆಯೆರೆಯಬೇಕಾದ ದಿನ ಅವಳ ತಂದೆಯೂ ಮಾವನೂ ಅಮೆರಿಕದ ಕಾಡಿನಲ್ಲಿ ಜಿಂಕೆಯ ಹಿಂದೆ ತಿರುಗುವುದೆಂದು ಹಿರಿಯರ ಸಮ್ಮುಖದಲ್ಲಿ ನಿಶ್ಚಯವಾಯಿತು.

ಮನೆಗೆ ಬಂದಾಗ ವಸುಧೆ ಕಪಾಟಿನ ಮುಂದೆ, ಉಳಿದಿದ್ದ ಪಂಚೆಯ ಅಂಚು ಹಿಡಿದು ನಿಂತಿದ್ದಳು. ನಾನು ಪಂಚೆಯ ವಿಷಯ ಮರೆಸಲು ಅಮೆರಿಕದ ವಿಷಯ ಹೇಳಿದೆ. ಜನ್ಮದಲ್ಲಿ ಇಂಥ ಬುದ್ಧಿವಂತಿಕೆ ನಾನು ಇನ್ನೊಂದು ಮಾಡಿಲ್ಲ. ಅವಳು ಕೂಗಾಡುತ್ತಾಳೆಂದುಕೊಂಡೆ. ಅವಳು ಮಂಚದ ತುದಿಯಲ್ಲಿ ಕೂತುಬಿಟ್ಟಳು.

"ಅನಘಾ ಫೋನ್ ಮಾಡಿದ್ಳು. ನೀವೇ ಮಾತಾಡಿ. ನನ್ನಿಂದಾಗುದಿಲ್ಲ."

ಹುಟ್ಟಿದಂದಿನಿಂದ ಈ ಊರಿನಲ್ಲೇ ಬೆಳೆದವಳು ಅನಘಾ. ನಾವು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ. ಆ ದಿನ ಅವಳು ಫೋನ್ ಎತ್ತಿದಾಗ ಮೂಗು ಸೊರಗುಟ್ಟಿದ್ದು ಕೇಳಿಸಿತು. ಆಮೇಲೆ ಕನ್ನಡದಲ್ಲಿ ಕೇಳಿದಳು:

"ಅಪ್ಪಾ, ನಿಮಗೆ ಟಾಮ್ ಇಷ್ಟ ಇಲ್ವಾ?"

"ಯಾರು ಹೇಳಿದ್ದು ಮಗಾ?"

ಜಿಲ್ ಅತ್ತಿದ್ದರಂತೆ. ಹುಡುಗಿಯ ತಂದೆ ಅಷ್ಟು ದೂರದಿಂದ ಬರುತ್ತಾರೆ, ಗುಂಡಿನ ವಿಷಯ ಗಂಟೆಗಟ್ಟಲೆ ಮಾತಾಡುತ್ತಾರೆ, ಮದುವೆಯ ಹೆಸರೆತ್ತುವುದಿಲ್ಲ. ಈ ದೇಶದಲ್ಲಿ ಮದುವೆಯ ದಿನವನ್ನು ಹೆಣ್ಣಿನ ಕಡೆಯವರೇ ಹೇಳುವುದಂತೆ. ಅವರಾಗಿ ಕೇಳಿದರೆ ಅವಸರಪಡಿಸಿದಂತೆ, ಅದು ಮರ್ಯಾದೆಯಲ್ಲ ಎಂದು ಅವರು ಕಾದಿದ್ದಾರೆ. ಟಾಮ್ ಆ ವಾರ ರಜೆ ಹಾಕಿದ್ದು ತಿಳಿದು ಇವತ್ತು ಕೀತ್ ಧೈರ್ಯ ಮಾಡಿ ನವೆಂಬರಿನ ಮಾತೆತ್ತಿದರೆ, ನಾನು ಖುಷಿಯಿಂದ ಅಮೆರಿಕಕ್ಕೆ ಹೋಗಿ ಎಂದೆನಂತೆ! ಈ ಸಂಬಂಧ ನನಗೆ ಬೇಡವೆಂದು ಗಂಡಹೆಂಡತಿ ಇಬ್ಬರೂ ತಿಳಿದಿದ್ದಾರೆ. ಟಾಮ್ ಊಟ ಮಾಡಿಲ್ಲ.

ಅವರು ನನ್ನ ಬಾಯಿ ಕಾಯುತ್ತಿದ್ದರು, ನಾನು ಅವರ ಬಾಯಿ ಕಾಯುತ್ತಿದ್ದೆ. ಮಧ್ಯೆ ಮಗಳು ಅಳುತ್ತಿದ್ದಾಳೆ. ಮರ್ಯಾದೆ, ಮರ್ಯಾದೆ ಎಂದು ನಾನು ಇಷ್ಟು ದಿನ ಮಾಡಿದ ಘನಕಾರ್ಯ ಇದು! "ಇಷ್ಟ ಉಂಟು ಮಗಾ, ತುಂಬ ಇಷ್ಟ ಉಂಟು" ಎಂದು ಹೇಳುತ್ತಲೇ ಕಾರಿನ ಕೀಲಿಕೈ ಹುಡುಕಿದೆ. ವಸುಧೆ ಹಿಂದಿನಿಂದ "ರೀ, ನಿಲ್ಲಿ, ನಾನು ಫೋ..." ಎಂದದ್ದು ಅರ್ಧ ಕೇಳಿಸಿತು. ನಿಲ್ಲಲು ಯಾರಿಗೆ ವ್ಯವಧಾನ! ದಾರಿಯುದ್ದಕ್ಕೂ ಒಬ್ಬನೇ ಗಟ್ಟಿಯಾಗಿ ತಾರೀಖು ಹೇಳಿಕೊಳ್ಳುತ್ತಾ ಹೋದೆ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವಳು ಗಾಜು ಏರಿಸಿಕೊಂಡಳು.

ಬಾಗಿಲು ತೆರೆದವರು ಜಿಲ್. ಕೀತ್ ಅವರ ಹಿಂದೆ. ನಮಸ್ಕಾರವಿಲ್ಲ, ಹಲೋ ಇಲ್ಲ, ಹೊಸ್ತಿಲ ಮೇಲೆಯೇ ಕೂಗಿದೆ:

"ನವೆಂಬರ್! ಕೊನೆಯ ಭಾನುವಾರ! ಬೆಳಿಗ್ಗೆ! ನಿಮ್ಮ ಮಗ ನಮಗೆ ತುಂಬ ಇಷ್ಟ! ದಯವಿಟ್ಟು ಮದುವೆಗೆ ಬನ್ನಿ!"

ಗಂಡಿನ ತಂದೆತಾಯಿಯನ್ನು ಅವರ ಮಗನ ಮದುವೆಗೆ ಪಕ್ಕದ ಮನೆಯವರ ಹಾಗೆ ಕರೆದಿದ್ದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಗೊತ್ತು. ವಸುಧಾ ಆಗಲೇ ಫೋನ್ ಮಾಡಿ ಹೇಳಿದರು" ಎಂದರು ಜಿಲ್. ಅವರ ಕಣ್ಣು ಇನ್ನೂ ಕೆಂಪಗಿತ್ತು, ಮುಖದಲ್ಲಿ ನಗು. "ನಮಗೆ ಒಪ್ಪಿಗೆ. ಎರಡು ನಿಮಿಷದಲ್ಲಿ ಮುಗಿಯಿತು. ಹಾಲ್‌ನವರಿಗೂ ಅವರೇ ತಿಳಿಸಿದರಂತೆ. ಚಹಾ?"

ನಾನು ಕುರ್ಚಿಯ ತುದಿಯಲ್ಲಲ್ಲ, ಪೂರ್ತಿ ಕುರ್ಚಿಯಲ್ಲಿ ಕುಸಿದೆ. ಕೀತ್ ಬೇಟೆಯನ್ನು ಮೊದಲ ವಾರಕ್ಕೆ ಹಾಕಿಕೊಂಡೆ ಎಂದರು. ಗುಂಡು ಯಾವುದೆಂದು ಅವರು ಬೇಸಿಗೆಯಲ್ಲೇ ತೀರ್ಮಾನಿಸಿದ್ದರಂತೆ. ನನಗೆ ಅದರಲ್ಲಿ ಅಷ್ಟು ಆಸೆಯೆಂದು, ಬೇಜಾರಾಗದಿರಲಿ ಎಂದು ಸುಮ್ಮನೆ ಕೇಳುತ್ತಿದ್ದರಂತೆ! ನಾನು ನಾಚಿಕೆ ಬಿಟ್ಟು ಎಲ್ಲವನ್ನೂ ಹೇಳಿದೆ, ಮಂಗಗಳನ್ನೂ ಪೊಲೀಸ್ ಠಾಣೆಯನ್ನೂ ಬಿಡದೆ. ನಮ್ಮಲ್ಲಿ ಹೆಣ್ಣಿನ ತಂದೆ ಗಂಡಿನ ತಂದೆಯ ಮಾತಿಗೆ ಎದುರಾಡುವುದಿಲ್ಲ, ಅದಕ್ಕೇ ಹೀಗೆಲ್ಲ ಆಯಿತು ಎಂದು ವಿವರಿಸಿದೆ.

ಕೀತ್ ಕಪ್ಪು ಕೆಳಗಿಟ್ಟರು. "ಅಂದರೆ, ನಾನು ಏನು ಹೇಳಿದರೂ ನೀವು ಮಾಡುತ್ತೀರಾ?"

"ಏನು ಹೇಳಿದರೂ."

"ನಿಜವಾಗಿ?"

"ಅಪ್ಪಣೆ ಮಾಡಿ" ಎಂದೆ, ಎದೆಯ ಮೇಲೆ ಕೈಯಿಟ್ಟು.

ಕೀತ್ ಜಿಲ್ ಕಡೆ ನೋಡಿದರು. ಆಮೇಲೆ ನನ್ನ ಕಡೆ ಬಾಗಿ, ಬಹಳ ನಯವಾಗಿ ಹೇಳಿದರು:

"ಹಾಗಾದರೆ ದಯವಿಟ್ಟು ಇನ್ನು ಮುಂದೆ ಕೋವಿ ಮುಟ್ಟಬೇಡಿ."

ಗಂಡಿನ ಕಡೆಯವರ ಮೊದಲ ಅಪ್ಪಣೆ. ಶಿರಸಾವಹಿಸಿ ಪಾಲಿಸುತ್ತಿದ್ದೇನೆ.